ಎಬ್ಬಿಸಾಂವ

ಎಷ್ಟು ದಿನಾ ಆತು ನಿದ್ದಿ ಇಲ್ಲದ? ಕೇಳಿದಳು ಡಾಕ್ಟರಬಾಯಿ.
ರಿಟೈರ್ ಆದಾಗಿಂದ, ಅಂದೆ.
ಹನ್ನೊಂದು ವರ್ಷಾ? ಆಕೀ ಪೆನ್ನು ನಿಂತಹೋತು.

ಚಾ ಎಷ್ಟು ಕುಡೀತೀರಿ? ಸಂಜೀಮುಂದ ಬ್ಯಾಡ.
ಮಧ್ಯಾಹ್ನ ಅಡ್ಡಾಗಬ್ಯಾಡ್ರಿ. ಮೊಬೈಲ್ ದೂರ ಇಡ್ರಿ.
ರಾತ್ರಿ ಎಷ್ಟು ಸಲ ಏಳ್ತೀರಿ? ಸಕ್ಕರಿ ನೋಡ್ಸೀರೇನು?
ಮನಸ್ಸಿಗೆ ಏನರ ಹಚಗೊಂಡೀರೇನು?
ಎಲ್ಲಾ ಬರಕೊಂಡು ಚೀಟಿ ಕೊಟ್ಟಳು.
ಏನು ಕೆಲಸ ಮಾಡ್ತಿದ್ರಿ ಅಂತ ಮಾತ್ರ ಕೇಳಲಿಲ್ಲ.

ಹುಬ್ಬಳ್ಳಿ ಟೇಶನ್ನಿನ ಕಾಲ್‌ಬಾಯ್ ನಾ, ಮಕ್ತುಮಸಾಬ ನದಾಫ.
ತಲಿ ಬೆಳ್ಳಗಾದರೂ ಬಾಯ್.
ಒಂದು ಸೈಕಲ್ಲು, ಒಂದು ಬ್ಯಾಟರಿ, ಬಗಲಾಗ ಸಹಿ ಬುಕ್ಕು.
ಗಾಡಿ ಬಿಡೂದಕ್ಕ ಎರಡು ತಾಸು ಮೊದಲ
ಗದಗ ರೋಡಿನ ಕ್ವಾರ್ಟರ್ಸಿನಾಗ ಬಾಗಲಾ ಬಡದು
ಡ್ರೈವರನ್ನ, ಗಾರ್ಡನ್ನ ಎಬ್ಬಿಸೂದು.
ಅಪ್ಪ ಹತ್ತಿ ಹಿಂಜಿ ಊರಿಗೆಲ್ಲಾ ಗಾದಿ ಹೊಲದಾ.
ಆ ಗಾದಿ ಮ್ಯಾಲೆ ಮಲಗಿದವರನ್ನ
ಅವನ ಮಗಾ ಎಬ್ಬಿಸಿದಾ,
ಮೂವತ್ತಾರು ವರ್ಷ.

ಬಾಯಿ ಪುಸ್ತಕದಾಗ ಓದಿದ್ದನ್ನ
ನಾ ಬಾಗಲ ಸಂದ್ಯಾಗ ಕೇಳೀನಿ.

ಹಂಚಿನಮನಿ ತಿರುಕಪ್ಪಂದು ಗೊರಕಿ.
ಏರು ಹತ್ತೂ ಮಾಲಗಾಡಿ ಹಂಗ ಹತ್ತಿ ಹತ್ತಿ
ಗಪ್ ಅಂತ ನಿಂದರತಿತ್ತು.
ಕೈ ಎತ್ತಿದಾಂವ ನಾನೂ ಉಸರು ಹಿಡದು ನಿಲ್ಲತಿದ್ದೆ,
ಒಂದು, ಎರಡು, ಒಮ್ಮೆ ಹದಿನೇಳರತನಕ ಎಣಿಸೀನಿ,
ಆಮ್ಯಾಲೆ ಬಾಂವ್ಯಾಗ ಮುಳುಗಿದಾಂವ ಮ್ಯಾಲೆ ಬಂದಂಗ ಎಳಕೊಳ್ತಿದ್ದಾ.
ಹಗಲೆಲ್ಲಾ ತೂಕಡಸ್ತಾನ, ಮೈಗಳ್ಳ, ಅಂತಿದ್ದರು ಮಂದಿ.
ರಾತ್ರಿ ಅಂವ ಸತ್ತು ಸತ್ತು ಏಳತಾನಂತ
ನನಗ ಮತ್ತ ಅವನ ಹೇಣ್ತಿಗಷ್ಟ ಗೊತ್ತಿತ್ತು.

ಪೊನ್ನುಸ್ವಾಮಿಗೆ ಕಾಲಿಂದು. ಗಾದಿಗೆ ಹಚ್ಚಿದರ ಸಾಕು
ಒಳಗ ಇರಿವಿ ಹರದಂಗ ಆಕ್ಕತಿ ಅಂತ ಅಂಗಳದಾಗ ತಿರಗತಿದ್ದಾ.
ಹೊಟ್ಟ್ಯಾಗ ಹುಣ್ಣಾಗಿ ರಕ್ತ ಸೋರತಿತ್ತಂತ.
ಅದು ಗೊತ್ತಾಗೂದ್ರಾಗ ಎರಡು ತಾಯತ ಕಟ್ಟಿ ಮುಗದಿತ್ತು.

ಇಮ್ಯಾನುಯೆಲ್ ಗಾರ್ಡು ಬಡಿಯೂದ್ರಾಗ ‘ಹಾಂ’ ಅಂತಿದ್ದಾ,
ಬೂಟು ಹಾಕ್ಕೊಂಡು ಖುರ್ಚಿ ಮ್ಯಾಲೆ ಕುಂತು.
‘ಎಬ್ಬಿಸಾಕ ಬರ್ತಾರಂತ ಗೊತ್ತಿದ್ದಾವಗ
ನಿದ್ದಿ ಹೆಂಗ ಹತ್ತಬೇಕೋ ಸಾಬಾ?’
ಮರುದಿನ ಸೈಕಲ್ಲಿನ ಬೆಲ್ಲು ಬಿಚ್ಚಿ ಒಗದೆ.

ಬಾಗಲಾ ತಗಿಯಾಕಿ ಹೆಚ್ಚಾಗಿ ಹೇಣ್ತೀನ.
ಸ್ಟೋವ್ ಹಚ್ಚಿ, ರೊಟ್ಟಿ ಬುತ್ತಿ ಕಟ್ಟಿ, ಗಂಡನ್ನ ಕಳಿಸಿ,
ನಸಿಕಲೆ ನೀರಿನ ಪಾಳೇಕ ನಿಂದರಾಕಿ.
ಅವರ ನಿದ್ದಿಗೆ ನನ್ನ ಬುಕ್ಕಿನ್ಯಾಗ ಕಾಲಮ್ ಇರಲಿಲ್ಲ.

ಆಮ್ಯಾಲೆ ಜಮಖಂಡಿ ವಾಸಣ್ಣ.
ಕುಂದಗೋಳದ ಈಚೆ ಅವನ ಇಂಜಿನ್ನಿಗೆ
ಒಬ್ಬ ಹುಡುಗ ಅಡ್ಡ ಬಂದಿದ್ದಾ. ಬೇಕಂತನ.
ಕಣ್ಣು ಮುಚ್ಚಿದರ ನನ್ನ ಕಡೆ ನೋಡಿ ನಕ್ಕಂಗಾಕ್ಕತಿ, ಅಂತಿದ್ದಾ.
ಒಂಬತ್ತು ರಾತ್ರಿ ಹಂಗ.
ಹತ್ತನೇದ್ದಕ್ಕ ನಾ ಹೋದಾಗ ಎರಡು ಹೊಡದು ಹತ್ತು ಮಿನಿಟು.
ಸಂದಿಗೆ ಕಿವಿ ಕೊಟ್ಟೆ. ಕೂಸಿನಂಥಾ ಉಸರು.
ಕೈ ಎತ್ತಿದೆ.
ಎತ್ತಿದ ಕೈಲೇ ಬುಕ್ಕಿನ್ಯಾಗ ಬರದೆ: ‘ಮನ್ಯಾಗಿಲ್ಲ.’

ಗಾಡಿ ಐವತ್ತು ಮಿನಿಟು ಲೇಟು. ಒಂದು ವರ್ಷದ ಇನ್‌ಕ್ರಿಮೆಂಟು ಹೋತು.
ವಾಸಣ್ಣ ಯಾಕಂತ ಕೇಳಲಿಲ್ಲ, ನಾ ಹೇಳಲಿಲ್ಲ.

ಈಗ ಡ್ರೈವರಗೋಳನ್ನ ಫೋನು ಎಬ್ಬಸತೈತಿ.
ನನ್ನನ್ನ ಯಾರು ಎಬ್ಬಿಸ್ತಾರೋ, ಎರಡು ಹೊಡದು ಹತ್ತಕ್ಕ
ಬರೋಬರಿ ಕಣ್ಣು ಬಿಡತಾವ.

ಬಾಯಿ ಕೊಟ್ಟ ಗುಳಗಿ ನುಂಗಿದೆ ನಿನ್ನೆ.
ಅದಕ್ಕೂ ಟೈಮು ಗೊತ್ತಿರಲಿಲ್ಲ, ಎಚ್ಚರಾತು.
ಕತ್ತಲದಾಗ ಬಾಜೂಕ ಮಾಬೂಬಿ.
ಏರು ಹತ್ತಿ, ಹತ್ತಿ,
ಗಪ್.

ಒಂದು. ಎರಡು. ಎಣಿಸಿದೆ.
ಊರಿನ ಬಾಗಲಾ ಎಲ್ಲಾ ಕೇಳಿದಾಂವ
ಈ ಬಾಗಲಾ ಒಂದು ಕೇಳಿರಲಿಲ್ಲ.
ಹದಿನಾಲ್ಕಕ್ಕ ಬಂತು ಉಸರು. ಹೊರಳಿ ಮಲಗಿದಳು.

ನಾಳೆ ಆಕೀಗೂ ಒಂದು ಚೀಟಿ ಮಾಡಸಬೇಕು.
ಬೆಳಗಾಗೂತನಕ ಎಣಸಕೋತ ಕುಂತೆ.